ಕೊಡಚಾದ್ರಿಗೆ ಹೋದ ಹಾಡಿನ ಪೆಟ್ಟಿಗೆ

ಪ್ರವಾಸ ಹೊರಡುವವರ ಮನೆಯಲ್ಲಿ ಬುತ್ತಿ ಕಟ್ಟಲು ಒಂದು ಸಂಜೆ ಸಾಕು, ಹಾಸಿಗೆ ಸುತ್ತಲು ಅದರ ಅರ್ಧ ಹೊತ್ತೂ ಬೇಡ. ಆದರೆ ಹೋದಲ್ಲಿ ಕೇಳಬೇಕಾದ ಹಾಡನ್ನು ಯಾವ ಪೆಟ್ಟಿಗೆಯಲ್ಲಿ ಒಯ್ಯುವುದು ಎಂಬ ಪ್ರಶ್ನೆ ಎದ್ದಿತೋ, ಅದು ತೀರ್ಮಾನವಾಗುವಷ್ಟರಲ್ಲಿ ರಜೆಯೇ ತೀರಿಹೋಗುವ ಭಯವಿದೆ. ನನ್ನ ಮಾತಿನಲ್ಲಿ ಸಂಶಯವುಳ್ಳವರು ಯಾವುದಾದರೂ ರಜೆಯ ಬೆಳಿಗ್ಗೆ ಕುಂದಾಪುರದ ಬಸ್ ನಿಲ್ದಾಣಕ್ಕೆ ಬಂದು ನನ್ನ ಪಕ್ಕದಲ್ಲಿ ನಿಲ್ಲಬಹುದು. ಕೊಡೆ ಮರೆತವರು ಸಿಗುತ್ತಾರೆ, ಮಕ್ಕಳ ಸ್ವೆಟರ್ ಮರೆತವರು ಸಿಗುತ್ತಾರೆ, ಹೋಗಬೇಕಾದ ಊರಿನ ಹೆಸರನ್ನೇ ಮರೆತ ಮಹಾನುಭಾವರೂ ಸಿಕ್ಕಾರು. ಚರ್ಮದ ಅಂಗಿ ತೊಟ್ಟ ಟ್ರಾನ್ಸಿಸ್ಟರ್ ರೇಡಿಯೋವನ್ನು ಹೆಗಲಿಗೆ ತೂಗಹಾಕಲು ಮರೆತವರು ಮಾತ್ರ ಸಿಗಲಾರರು.

ಹಿಂದೆಲ್ಲ ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಕುಂದಾಪುರದ ಹೈಸ್ಕೂಲಿನ ಕನ್ನಡ ಪಂಡಿತ. ಉರಿದದ್ದನ್ನು ಒಳಗೇ ಆರಿಸಿಕೊಳ್ಳುವ ಅಭ್ಯಾಸ ನಮ್ಮ ವೃತ್ತಿಯಲ್ಲಿಲ್ಲ. ಗಿರಿಶಿಖರಕ್ಕೆ ಹೋಗುವುದು ನಿಶ್ಶಬ್ದವನ್ನು ಆಲಿಸುವುದಕ್ಕೆ, ಅಲ್ಲಿಗೂ ಶಬ್ದವನ್ನು ಹೊತ್ತೊಯ್ಯುವವನು ಸಮುದ್ರಸ್ನಾನಕ್ಕೆ ಹೋಗುವಾಗ ಬಾವಿಯ ನೀರನ್ನು ಕೊಡದಲ್ಲಿ ಹೊತ್ತುಕೊಂಡವನ ಹಾಗೆ ಎಂದು ಉಪಾಧ್ಯಾಯರ ಕೋಣೆಯಲ್ಲಿ ಸುದೀರ್ಘ ಪ್ರವಚನ ಮಾಡುತ್ತಿದ್ದೆ. ನಿಶ್ಶಬ್ದದ ಮಹಿಮೆಯನ್ನು ಇಷ್ಟು ಗಟ್ಟಿ ದನಿಯಲ್ಲಿ ಹೇಳಬೇಕೇ ಎಂದು ನಮ್ಮ ವಿಜ್ಞಾನದ ಮಾಸ್ತರು ಒಮ್ಮೆ ಕೇಳಿದ್ದರು. ಅವರ ಮಾತಿಗೆ ನಾನು ನಿಲ್ಲಿಸಲಿಲ್ಲ; ನಾಲ್ಕಾರು ವರ್ಷಗಳ ಹಿಂದಿನ ಒಂದು ಡಿಸೆಂಬರ್ ರಜೆಯ ಅನಂತರ ತಾನಾಗಿ ನಿಂತುಹೋಯಿತು. ಆ ರಜೆಯ ವೃತ್ತಾಂತವನ್ನೇ ನಿಮ್ಮೆದುರು ಹೇಳಬೇಕೆಂದು ಕುಳಿತಿದ್ದೇನೆ.

ನನ್ನ ಹೆಂಡತಿ ಗಿರಿಜೆಯ ತವರು ಬ್ರಹ್ಮಾವರದ ಹತ್ತಿರ. ಮಾವನವರಿಗೆ ಬೇಕಾದಷ್ಟು ಗದ್ದೆ, ಬೇಕಾದ್ದಕ್ಕಿಂತ ಹೆಚ್ಚು ಅಭಿಮಾನ, ಒಬ್ಬ ಮಗ, ಒಬ್ಬಳು ಮಗಳು. ಮಗ ಶೀನ, ಎಂದರೆ ನನ್ನ ಭಾವ, ಓದು ಮುಗಿಸಿದಾಗ ಮಾವನವರು ಅವನಿಗೊಂದು ಮಾಸ್ತರಿಕೆಯನ್ನು ಗೊತ್ತುಮಾಡಿಟ್ಟಿದ್ದರು. ಅದು ಎಂಥ ಸುಖದ ಕೆಲಸವೆಂದು ಅವನು ನನ್ನನ್ನು ನೋಡಿಯೇ ತಿಳಿದುಕೊಂಡಿರಬೇಕು. ಯಾರಿಗೂ ಹೇಳದೆ ಬೊಂಬಾಯಿಗೆ ಹೋಗಿ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸಲು ನಿಂತ. ನಮ್ಮ ಮನೆಯಲ್ಲಿ ಉಂಡವರ ಎಲೆ ಎತ್ತಲು ಆಳುಗಳಿದ್ದರು, ಈಗ ನಮ್ಮ ಮಗ ಕಂಡವರ ಎಂಜಲು ಲೋಟ ಎತ್ತುತ್ತಾನೆ ಎಂಬುದು ಮಾವನವರ ಎದೆಯಲ್ಲಿ ನಾಟಿದ ಮುಳ್ಳು. ಶೀನ ಕ್ರಮೇಣ ಟೇಬಲಿನಿಂದ ಗಲ್ಲಾಪೆಟ್ಟಿಗೆಯವರೆಗೆ ಬಡ್ತಿ ಪಡೆದ. ಮುಳ್ಳು ಮಾತ್ರ ಇದ್ದಲ್ಲಿಯೇ ಇತ್ತು. ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದ, ಅಪ್ಪನ ಕಾಲಿಗೆ ಮೌನವಾಗಿ ನಮಸ್ಕರಿಸುತ್ತಿದ್ದ, ಮಾವನವರು ಮೌನವಾಗಿ ಕೈಯೆತ್ತುತ್ತಿದ್ದರು, ಅಲ್ಲಿಗೆ ಅವರಿಬ್ಬರ ನೇರ ವ್ಯವಹಾರ ಮುಗಿಯುತ್ತಿತ್ತು.

ಹಾಗೆಂದು ಮನೆಯಲ್ಲಿ ಮಾತಿಗೆ ಬರಗಾಲವಿತ್ತೆಂದು ತಿಳಿಯಬೇಡಿ. ಮಾತು ಧಾರಾಳವಾಗಿ ನಡೆಯುತ್ತಿತ್ತು, ಗಿರಿಜೆಯ ಮೂಲಕ. ಈ ಮಧ್ಯಸ್ಥಿಕೆಯ ಹುದ್ದೆ ಮೊದಲು ನನ್ನ ಅತ್ತೆಯವರದು. ಅವರು ತೀರಿಕೊಂಡ ಮೇಲೆ ವಂಶಪಾರಂಪರ್ಯವಾಗಿ ಮಗಳಿಗೆ ಬಂದಿತ್ತು. ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗ ಮಾವನವರು, “ಗಿರಿಜಾ, ಬೊಂಬಾಯಿ ಸಾಹುಕಾರ್ರಿಗೆ ಹೇಳ್, ಸಾರ್ ತಣ್ದ್ ಹೋತ್ತ್ ಅಂದೇಳಿ,” ಎನ್ನುವರು. ಒಂದು ಮೊಳ ದೂರದಲ್ಲಿ ಕುಳಿತ ಶೀನ ಅದನ್ನು ಕೇಳಿಯೂ ಕೇಳದವನಂತೆ ಗಿರಿಜೆ ಹೇಳುವವರೆಗೆ ಕಾದು, ಅವಳು ಹೇಳಿದ ಮೇಲೆ, “ಅಪ್ಪಯ್ಯಂಗೆ ಹೇಳ್, ನಂಗೆ ಹಸಿವಿಲ್ಲೆ ಅಂದೇಳಿ,” ಎನ್ನುವನು. ಗಿರಿಜೆ ಅದನ್ನೂ ತಲುಪಿಸುವಳು. ಮೂಲದಲ್ಲಿ ‘ಸಾಹುಕಾರ್ರು’ ಎಂದಿದ್ದದ್ದು ಅವಳ ಅನುವಾದದಲ್ಲಿ ‘ಅಣ್ಣ’ ಎಂದಾಗುತ್ತಿತ್ತು. ಭಾಷಾಂತರದಲ್ಲಿ ಮೂಲದ ಸ್ವಾರಸ್ಯ ಕೆಡುತ್ತದೆಂದು ನಾನು ತರಗತಿಯಲ್ಲಿ ಪಾಠ ಮಾಡುತ್ತಿದ್ದೆ, ಮನೆಯಲ್ಲಿ ನೋಡಿದರೆ ಸ್ವಾರಸ್ಯವೆಲ್ಲ ಭಾಷಾಂತರದಲ್ಲಿಯೇ ಇತ್ತು.

ಆ ಡಿಸೆಂಬರಿನಲ್ಲಿ ಶೀನ ಒಂದು ಸುದ್ದಿ ತಂದ. ಪಾಲುದಾರನೊಬ್ಬನ ಜೊತೆ ಸ್ವಂತ ಹೋಟೆಲ್ ತೆರೆಯುತ್ತಿದ್ದಾನೆ. ಅದು ಕಾಲೂರಿ ನಿಲ್ಲುವ ತನಕ, ಎಂದರೆ ಇನ್ನೆಷ್ಟೋ ವರ್ಷ, ಊರಿಗೆ ಬರಲಾಗುವುದಿಲ್ಲ. ಈ ಸುದ್ದಿ ಗಿರಿಜೆಯ ಮೂಲಕ ಮಾವನವರಿಗೆ ತಲುಪಿತು. ಅವರು ಎಲೆಯಡಿಕೆಯ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಎಲೆಗೆ ಸುಣ್ಣ ಹಚ್ಚಿ, ಮಡಿಸಿ, ಬಾಯಿಗೆ ಹಾಕಿಕೊಳ್ಳದೆ ತಟ್ಟೆಯಲ್ಲಿಯೇ ಬಿಟ್ಟು ಎದ್ದುಹೋದರು. ಅಂದು ಸಂಜೆ ಗಿರಿಜೆ ನನ್ನನ್ನು ಹಿತ್ತಿಲಿಗೆ ಕರೆದು, “ಕಾಣಿ, ಈ ಸಲ ಅವ್ರಿಬ್ರ್ ಬಾಯ್ ಬಿಡದಿದ್ರೆ ಅಣ್ಣ ಇನ್ನ್ ಈ ಬದಿಗ್ ಮಕ ಹಾಕುದಿಲ್ಲೆ. ನಂಗೆ ಗೊತ್ತಿತ್ತ್,” ಎಂದಳು. ಅದಕ್ಕೆ ಉಪಾಯವನ್ನೂ ಅವಳೇ ಯೋಚಿಸಿಟ್ಟಿದ್ದಳು: ನಮ್ಮ ಮಕ್ಕಳೂ ಸೇರಿ ಎಲ್ಲರೂ ಒಟ್ಟಿಗೆ ಕೊಡಚಾದ್ರಿಗೆ ಹೋಗುವುದು. ಮನೆಯಲ್ಲಾದರೆ ಒಬ್ಬರು ಚಾವಡಿಗೆ, ಇನ್ನೊಬ್ಬರು ಮಾಳಿಗೆಗೆ ಹೋಗಿ ಕುಳಿತುಬಿಡಬಹುದು, ಬೆಟ್ಟದ ತುದಿಯಲ್ಲಿ ಹಾಗೆ ಹೋಗಲು ಜಾಗವೆಲ್ಲಿ?

ಮಾವನವರು ಒಪ್ಪಿದರು, ಆದರೆ ತಮ್ಮ ಗ್ರಾಮಾಫೋನು ಜೊತೆಗೆ ಬರಬೇಕು ಎಂದರು. ಸಮಸ್ಯೆ ಹುಟ್ಟಿದ್ದು ಇಲ್ಲಿ, ಏಕೆಂದರೆ ಶೀನನ ಹೆಗಲಲ್ಲಿ ಬೊಂಬಾಯಿಯಿಂದ ತಂದ ಹೊಸ ಟ್ರಾನ್ಸಿಸ್ಟರ್ ಆಗಲೇ ತೂಗುತ್ತಿತ್ತು.

ಎರಡು ಪಕ್ಷಗಳ ಬಲಾಬಲವನ್ನು ನಿಷ್ಪಕ್ಷಪಾತವಾಗಿ ನಿವೇದಿಸುತ್ತೇನೆ. ಮಾವನವರದು ಸೂಟ್‌ಕೇಸಿನ ಆಕಾರದ ಕಪ್ಪು ಪೆಟ್ಟಿಗೆ. ಎಲ್ಲಿಗೆ ಬೇಕಾದರೂ ಒಯ್ಯಬಹುದಾದದ್ದು ಎಂದು ಅದಕ್ಕೊಂದು ಬಿರುದು. ಯಾರು ಒಯ್ಯಬೇಕೆಂಬುದನ್ನು ಮಾತ್ರ ಮಾಡಿದವರು ಹೇಳಿರಲಿಲ್ಲ. ಪಕ್ಕದಲ್ಲಿ ಕೀ ಕೊಡುವ ಹಿಡಿ, ಮುಚ್ಚಳದೊಳಗೆ ಮುಳ್ಳುಗಳ ಪುಟ್ಟ ಡಬ್ಬಿ, ಹಳೆಯ ಪಂಚೆಯಲ್ಲಿ ಮಗುವಿನಂತೆ ಸುತ್ತಿಟ್ಟ ಪ್ಲೇಟುಗಳು. ಅತ್ತೆಯವರು ಇದ್ದಾಗ ಸಂಜೆ ದೀಪ ಹಚ್ಚಿದ ಮೇಲೆ ಅದು ಹಾಡುತ್ತಿತ್ತು. ಈಗಲೂ ಮಾವನವರ ಕೈಯೊಂದರ ಹೊರತು ಬೇರೆ ಯಾರ ಕೈಯೂ ಅದರ ಮೇಲೆ ಬೀಳಕೂಡದು. ಟ್ರಾನ್ಸಿಸ್ಟರಿನ ಮಹಿಮೆ ಬೇರೆ. ಕೀ ಬೇಡ, ಮುಳ್ಳು ಬೇಡ, ಕಿವಿ ಹಿಂಡಿದರೆ ಸಾಕು, ಸಿಂಹಳ ರೇಡಿಯೋದ ಹಾಡೂ ಬರುತ್ತದೆ, ಬೊಂಬಾಯಿಯದ್ದೂ ಬರುತ್ತದೆ. ಅಂಚೆ ಕಚೇರಿಯಲ್ಲಿ ಪರವಾನಗಿ ಮಾಡಿಸಬೇಕಾದ್ದರಿಂದ ಕೋವಿಯ ಜೊತೆ ಕುಳಿತುಕೊಳ್ಳುವ ಗೌರವವೂ ಅದಕ್ಕುಂಟು. ಅದನ್ನು ಶೀನ ತಂದದ್ದು ಅಪ್ಪಯ್ಯನಿಗೆಂದೇ. ಕೊಡುವ ಧೈರ್ಯ ಸಾಲದೆ ತನ್ನದೆಂಬಂತೆ ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದ. ಇದು ಗಿರಿಜೆಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಮಾವನವರಿಗೂ ಗೊತ್ತಿತ್ತೆಂದು ಈಗ ನನ್ನ ಗುಮಾನಿ.

ಹೀಗೆ ವಾದ್ಯದ ವಿಷಯದಲ್ಲಿ ವಾದ ಹುಟ್ಟಿ, ವಾದವು ವಿವಾದವಾಗಿ, ಕೊನೆಗೆ ತೀರ್ಪಿಗಾಗಿ ಮನೆಯ ಅಳಿಯನ ಬಳಿಗೆ ಬಂತು. ಪೆಟ್ಟಿಗೆ ಎಂದರೆ ಮಗನಿಗೆ ನೋವು, ಟ್ರಾನ್ಸಿಸ್ಟರ್ ಎಂದರೆ ಅಪ್ಪನಿಗೆ ಅವಮಾನ. ನಾನು ನಾಲ್ಕು ದಿಕ್ಕನ್ನೂ ನೋಡಿ, ಎರಡೂ ಬೇಡ, ಅಗತ್ಯ ಬಿದ್ದರೆ ನಾನೇ ನಾಲ್ಕು ಪದ್ಯಗಳನ್ನು ರಾಗವಾಗಿ ಹಾಡುತ್ತೇನೆ ಎಂದೆ. ಮಾವನವರು ಗಾಬರಿಯಿಂದ, “ಗಿರಿಜಾ, ಮಾಷ್ಟ್ರಿಗೆ ಹಾಂಗೆಲ್ಲ ಕಷ್ಟ ಕೊಡುಕಾಗ ಅಂದೇಳಿ ಹೇಳ್,” ಎಂದರು. ಶೀನ ಜೋರಾಗಿ ತಲೆಯಾಡಿಸಿ ಅನುಮೋದಿಸಿದ. ಅಪ್ಪ ಮಗ ಒಂದೇ ಅಭಿಪ್ರಾಯಕ್ಕೆ ಬಂದದ್ದನ್ನು ಆ ಮನೆಯಲ್ಲಿ ನಾನು ನೋಡಿದ್ದು ಅದೇ ಮೊದಲು, ಆ ಐಕ್ಯಕ್ಕೆ ನನ್ನ ಕಂಠ ಕಾರಣವಾಯಿತೆಂಬುದು ನನ್ನ ಪಾಲಿನ ಸಮಾಧಾನ. ಉಳಿದದ್ದು ಹೇಡಿಗಳ ತೀರ್ಪು ಒಂದೇ. ಎರಡನ್ನೂ ಒಯ್ಯೋಣ ಎಂದುಬಿಟ್ಟೆ.

ಹೊರಟ ದಿನ ಮಾವನವರು ಬ್ರಹ್ಮಾವರದಿಂದ ಬರುವ ದಾರಿಯಲ್ಲಿ ಕುಂಭಾಶಿಯಲ್ಲಿ ಇಳಿದು, ಆನೆಗುಡ್ಡೆಯ ವಿನಾಯಕನಿಗೆ ಪೆಟ್ಟಿಗೆಯ ಕ್ಷೇಮಕ್ಕಾಗಿ ಕಾಯಿ ಒಡೆಸಿಕೊಂಡು ಕುಂದಾಪುರ ಸೇರಿದರು. ಹೆಮ್ಮಾಡಿ, ವಂಡ್ಸೆ ದಾಟಿ ಬಸ್ಸು ಕೊಲ್ಲೂರು ಮುಟ್ಟುವವರೆಗೆ ಅದು ಅವರ ತೊಡೆಯ ಮೇಲೆಯೇ ಇತ್ತು. ಕೊಲ್ಲೂರಿನಿಂದ ಮುಂದೆ ಕಾಡಿನ ಕಾಲುದಾರಿ. ಮಾವನವರು ಪೆಟ್ಟಿಗೆಯನ್ನು ಹಿಡಿದು ಒಂದು ಏರನ್ನು ಹತ್ತಿ, ಕಲ್ಲಿನ ಮೇಲೆ ಕುಳಿತು, ಮೊಣಕಾಲು ಒತ್ತಿಕೊಂಡರು. ಶೀನ ಟವೆಲನ್ನು ಸಿಂಬೆ ಸುತ್ತಿ, ಪೆಟ್ಟಿಗೆಯನ್ನೆತ್ತಿ ತಲೆಯ ಮೇಲಿಟ್ಟುಕೊಂಡು ನಡೆದ. ಯಾರೂ ಮುಟ್ಟಕೂಡದ ಪೆಟ್ಟಿಗೆ! ಮಾವನವರು ಅವನ ಬೆನ್ನನ್ನೇ ಒಂದು ಗಳಿಗೆ ನೋಡಿ, “ಗಿರಿಜಾ, ಓರೆ ಮಾಡುಕಾಗ ಅಂದೇಳಿ ಹೇಳ್,” ಎಂದಷ್ಟೇ ಹೇಳಿದರು.

ಅಲ್ಲಿಂದ ಮೇಲಕ್ಕೆ ಗಿರಿಜೆಯ ಪಾಡು ಯಾರಿಗೂ ಬೇಡ. ಮುಂದೆ ಅಣ್ಣ, ಹಿಂದೆ ಅಪ್ಪಯ್ಯ, ನಡುವೆ ಇವಳು. ಬೇರು ಎಡವೀತು ಎಂಬ ಎಚ್ಚರಿಕೆ ಹಿಂದಿನಿಂದ ಹೊರಟರೆ ಇವಳು ಏದುತ್ತ ನಾಲ್ಕು ಹೆಜ್ಜೆ ಓಡಿ ಮುಟ್ಟಿಸಬೇಕು, ಕಂಡಿದೆ ಎಂಬ ಉತ್ತರವನ್ನು ಹಿಡಿದು ಮತ್ತೆ ಕೆಳಗಿಳಿಯಬೇಕು. ನಾವೆಲ್ಲ ಕೊಡಚಾದ್ರಿಯನ್ನು ಒಮ್ಮೆ ಹತ್ತಿದೆವು, ಅವಳು ಎರಡು ಸಲವಾದರೂ ಹತ್ತಿರಬೇಕು. ಸಂಜೆ ನಾವು ಇಳಿದುಕೊಂಡ, ಬೆಟ್ಟದ ಮೇಲಿನ ಅರ್ಚಕ ಭಟ್ಟರ ಮನೆಯ ಜಗಲಿಯಲ್ಲಿ ಕುಳಿತವಳು, “ನಂಗಿನ್ನ್ ಏಗುದಿಲ್ಲೆ,” ಎಂದು ಕಾಲು ಚಾಚಿದಳು. ಅವಳಿಗೆ ಏಗದೇ ಹೋದದ್ದು ಬರೀ ಬೆಟ್ಟವಲ್ಲವೆಂದು ನನಗೆ ಅನ್ನಿಸಿತು.

ಊಟಕ್ಕೆ ಮುಂಚೆ ಟ್ರಾನ್ಸಿಸ್ಟರಿನ ಪ್ರಯೋಗವಾಯಿತು. ಊರಿನಲ್ಲಿ ಗಿಣಿಯಂತೆ ಮಾತಾಡುತ್ತಿದ್ದ ಯಂತ್ರಕ್ಕೆ ಎತ್ತರದಲ್ಲಿ ಏನಾಯಿತೋ, ಲೋಕದ ನಿಲಯಗಳೆಲ್ಲ ಒಂದರ ಮೇಲೊಂದು ಬಂದು ಬೀಳತೊಡಗಿದವು. ಮರಾಠಿಯ ಪೇಟೆಧಾರಣೆಯ ಒಳಗೆ ತಮಿಳಿನ ನಾಟಕ, ಅದರ ಒಳಗೆ ಯಾವುದೋ ಪರದೇಶದ ಪ್ರಾರ್ಥನೆ. ಶೀನ ಕಿವಿ ಹಿಂಡಿ ಹಿಂಡಿ ಸೋತ. ಮಾವನವರು ಪಂಚೆ ಸುತ್ತಿದ ಪ್ಲೇಟುಗಳ ಮೇಲೆ ಒಮ್ಮೆ ಕೈಯಾಡಿಸಿ, ನಾಳೆ ಬೆಳಿಗ್ಗೆ ನೋಡೋಣ ಎಂಬ ಮುಖ ಮಾಡಿ ಕಂಬಳಿ ಹೊದ್ದುಕೊಂಡರು.

ಬೆಳಿಗ್ಗೆ ಎದ್ದರೆ ಚಳಿಯೆಂದರೆ ಚಳಿ. ಗಿರಿಜೆ ಮಕ್ಕಳನ್ನು ಕರೆದುಕೊಂಡು ತುದಿಯ ಮಂಟಪ ನೋಡಲು ಹೋಗಿದ್ದಳು. ಬೆಳಗಿನ ಸೌಂದರ್ಯವನ್ನು ಕುರಿತು ಎಷ್ಟೋ ಪಾಠ ಮಾಡಿದ ನಾನು ಕಂಬಳಿಯಿಂದ ತಡವಾಗಿ ಎದ್ದು, ಅಂಗಳದ ಮೂಲೆಯಲ್ಲಿ ಬಾಯಿತುಂಬ ಹಲ್ಲುಪುಡಿ ತುಂಬಿಕೊಂಡು ನಿಂತಿದ್ದೆ. ಜಗಲಿಯಲ್ಲಿ ಮಾವನವರು ಪೆಟ್ಟಿಗೆ ತೆರೆದು, ಕೀ ಕೊಟ್ಟು, ಪ್ಲೇಟು ಇಟ್ಟು, ಮುಳ್ಳನ್ನು ಇಳಿಸಿದರು. ಆಹಾ, ಬಂದದ್ದು ಹಾಡಲ್ಲ. ಇಂಪಾದ ಹೆಣ್ಣುಕಂಠದಿಂದ ಹೊರಡಬೇಕಾಗಿದ್ದ ದೇವರನಾಮ, ಶೀತವಾದ ಮುದುಕನೊಬ್ಬ ನಿದ್ದೆಯಿಂದೆದ್ದು ಮನೆಯವರನ್ನು ಬೈಯುವ ದನಿಯಲ್ಲಿ ಹೊರಟು, ಎರಡು ಸುತ್ತು ನರಳಿ ನಿಂತಿತು. ಮಾವನವರು ಮತ್ತೆ ಕೀ ಕೊಟ್ಟರು. ಮತ್ತೆ ನರಳಿತು. ಅವರ ಮುಖ ಕೆಂಪಾಯಿತು. ಮಗನ ಎದುರಿಗೆ ಹೀಗಾಗಬಾರದಿತ್ತು. ಹಲ್ಲು ಕಚ್ಚಿ, ಎರಡೂ ಕೈಯಿಂದ ಹಿಡಿಯನ್ನು ತಿರುಗಿಸತೊಡಗಿದರು. ಒಳಗೆ ಏನೋ ಕಿರ್ರೆಂದಿತು.

“ಹ್ವಾಯ್ ಅಪ್ಪಯ್ಯಾ! ತಿರ್ಪ್‌ಬೇಡಿ! ಸ್ಪ್ರಿಂಗ್ ತುಂಡಾತ್ತ್!”

ಶೀನ ಕಿರುಚಿದ್ದ. ಕಿರುಚಿದ ಮೇಲೆ ತಾನೇ ಬೆಚ್ಚಿ ನಿಂತ. ಮಾವನವರ ಕೈ ಅಲ್ಲಿಯೇ ನಿಂತಿತು. ಅವರು ಅಭ್ಯಾಸಬಲದಿಂದ ಗಿರಿಜೆಗಾಗಿ ಬಾಗಿಲ ಕಡೆ ನೋಡಿದರು, ಅವಳಿರಲಿಲ್ಲ. ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದರೆ ಮಾತಿನ ಬದಲು ಕಪ್ಪು ನೊರೆ ಬರುವ ಸ್ಥಿತಿಯಲ್ಲಿದ್ದೆ. ಉಗುಳಿ ಬಂದು ಮಧ್ಯಸ್ಥಿಕೆ ವಹಿಸಬಹುದಿತ್ತು. ದೇವರು ಕೊಟ್ಟ ಬುದ್ಧಿಯೋ, ಹುಟ್ಟಾ ಸೋಮಾರಿತನವೋ, ನಾನು ಹಲ್ಲನ್ನು ಇನ್ನಷ್ಟು ಶ್ರದ್ಧೆಯಿಂದ ಉಜ್ಜುತ್ತ ನಿಂತೆ.

“ತಿರ್ಪುದ್ ಬೇಡ ಅಂದ್ರೆ ಮತ್ತೆಂತ ಮಾಡುದ್?” ಮಾವನವರು ಕೀಲಿಯ ಹಿಡಿಯನ್ನು ನೋಡುತ್ತ ಕೇಳಿದರು.

“ಎಂತ ಎಣ್ಣಿ ಹಾಕಿದ್ರಿ ಇದ್ಕೆ?”

“ತೆಂಗಿನೆಣ್ಣಿ. ಮತ್ತೆಂತ ಹಾಕುದ್?”

ನಮ್ಮ ಕರಾವಳಿಯಲ್ಲಿ ಹುಟ್ಟಿದವರಿಗೆ ಆ ಪ್ರಶ್ನೆಯ ಗಾಂಭೀರ್ಯ ಅರ್ಥವಾದೀತು. ತೆಂಗಿನೆಣ್ಣೆ ನಮಗೆ ಬರೀ ಎಣ್ಣೆಯಲ್ಲ, ಒಂದು ಸಿದ್ಧಾಂತ. ತಲೆಗೆ ಅದೇ, ಒಗ್ಗರಣೆಗೆ ಅದೇ, ಮಗುವಿನ ಹೊಟ್ಟೆನೋವಿಗೆ ಅದೇ, ಕಿರುಗುಟ್ಟುವ ಬಾಗಿಲಿಗೂ ಸೈಕಲ್ಲಿನ ಸರಪಣಿಗೂ ಅದೇ. ಹೊರಡುವ ಮುನ್ನ ಮಾವನವರು ಪೆಟ್ಟಿಗೆಯ ಹೊಟ್ಟೆ ಬಿಚ್ಚಿ ಪ್ರೀತಿಯಿಂದ ಅಭ್ಯಂಜನವನ್ನೇ ಮಾಡಿಸಿದ್ದರು. ನಮ್ಮಲ್ಲಿ ಮಾಗಿಯ ಬೆಳಿಗ್ಗೆ ಎಣ್ಣೆ ಚೂರು ಮಂಕಾದರೂ ಕಾಫಿ ಕುಡಿಯುವಷ್ಟರಲ್ಲಿ ತಿಳಿಯಾಗುತ್ತದೆ. ಬೆಟ್ಟದ ಚಳಿಗೆ ಅದು ಯಂತ್ರದ ಸಂದುಗೊಂದಿನಲ್ಲೆಲ್ಲ ಹೆಪ್ಪುಗಟ್ಟಿ ಕುಳಿತೀತೆಂದು ಸಮುದ್ರದಂಡೆಯಲ್ಲಿ ಬಾಳಿದ ಯಾರಿಗೆ ಹೊಳೆದೀತು?

ಶೀನನಿಗೆ ಹೊಳೆದಿತ್ತು. “ಅದ್ ಗಟ್ಟಿ ಆಯ್ತ್, ಅಪ್ಪಯ್ಯ. ಬಿಸ್ಲಿಗೆ ಇಟ್ರೆ ಸಮ ಆತ್ತ್,” ಎಂದು ಹತ್ತಿರ ಬಂದ. ನಿನಗೆ ಹೇಗೆ ಗೊತ್ತು ಎಂಬಂತೆ ಮಾವನವರು ಮುಖವೆತ್ತಿದರು. ಅವನು ನೆಲ ನೋಡುತ್ತ ಹೇಳಿದ, “ಬೊಂಬಾಯಂಗ್ ಮೊದಲ್ನೇ ವರ್ಷ ಅಬ್ಬಿ ಕೊಟ್ಟ್ ಕಳ್ಸಿದ್ ಎಣ್ಣಿ ಬಾಟ್ಲಿ ಚಳಿಗೆ ಹೀಂಗೇ ಗಟ್ಟಿ ಆತಿದ್ದಿತ್. ಬೆಳಿಗ್ಗೆ ಎದ್ದ್ ಎರಡ್ ಕೈಯಂಗೂ ಹಿಡ್ಕಂಡ್ ಕೂಕಂತಿದ್ದೆ, ಕರ್ಗು ತನ್ಕ. ಮನೆ ನೆನ್ಪಾತಿದ್ದಿತ್.”

ಅಬ್ಬಿ ಎಂದರೆ ಅಮ್ಮ. ಅತ್ತೆಯವರು ಮಗನಿಗೆ ಎಣ್ಣೆ ಕಳಿಸಿದ್ದು ಮಾವನವರಿಗೆ ಗೊತ್ತೇ ಇರಲಿಲ್ಲ. ಅವರು ಹಿಡಿಯಿಂದ ಕೈ ತೆಗೆದರು. ಆಮೇಲೆ ಮಗನ ಮುಖವನ್ನು ನೇರವಾಗಿ ನೋಡಿ, ಮೆತ್ತಗೆ ಕೇಳಿದರು:

“ಅಷ್ಟ್ ಚಳಿಯಾ ಅಲ್ಲಿ?”

ಮನೆ ಬಿಟ್ಟ ಮಗ ಎಲ್ಲಿ ಮಲಗುತ್ತಾನೆ, ಏನು ಹೊದೆಯುತ್ತಾನೆ ಎಂದು ಅಷ್ಟು ವರ್ಷ ಅವರು ಯಾರನ್ನೂ ಕೇಳಿರಲಿಲ್ಲ. ನನ್ನ ಕಣ್ಣು ತುಂಬಿಬಂತು. ಹಲ್ಲುಪುಡಿಯ ಖಾರವೆಂದು ನನಗೆ ನಾನೇ ಹೇಳಿಕೊಂಡು ನೀರಿನ ಹಂಡೆಯ ಕಡೆಗೆ ನಡೆದೆ.

ಇಬ್ಬರೂ ಸೇರಿ ಪೆಟ್ಟಿಗೆಯನ್ನು ಎತ್ತಿ ಬಿಸಿಲು ಬಿದ್ದ ಬಂಡೆಯ ಮೇಲಿಟ್ಟರು. ಎಣ್ಣೆ ಕರಗುವುದನ್ನು ಕಾಯುವವರಿಗೆ ಬೇರೆ ಉದ್ಯೋಗವಿಲ್ಲ. ಹೋಟೆಲಿನ ಜಾಗ ಎಂಥದು, ಅಲ್ಲಿ ನೀರು ಸರಿಯಾಗಿ ಬರುತ್ತದೆಯೇ, ಪಾಲುದಾರ ನಂಬಿಕಸ್ಥನೇ ಎಂದು ಮಾವನವರು ಕೇಳುತ್ತ ಹೋದರು, ಶೀನ ಹೇಳುತ್ತ ಹೋದ. ನಡುನಡುವೆ ಮುಳ್ಳನ್ನು ಇಳಿಸಿ ನೋಡುವುದು. ಮೊದಲು ಮುದುಕನ ನರಳಾಟ, ಸ್ವಲ್ಪ ಹೊತ್ತಿನ ಮೇಲೆ ನಡುವಯಸ್ಸಿನ ಗಂಡಸಿನ ಗೊಣಗಾಟ, ಬಿಸಿಲು ಏರಿದಂತೆ ಮೀಸೆ ಚಿಗುರದ ಹುಡುಗನ ಒಡಕು ದನಿ, ಹೀಗೆ ಹಾಡು ಹಿಂದುಹಿಂದಕ್ಕೆ ವಯಸ್ಸು ಕಳೆದುಕೊಳ್ಳುತ್ತ ಕೊನೆಗೊಮ್ಮೆ ತನ್ನ ನಿಜವಾದ ಹೆಣ್ಣುಕಂಠಕ್ಕೆ ಬಂದು ಮುಟ್ಟಿತು. ಅಪ್ಪ ಮಗ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಮಾತಿನ ಭರದಲ್ಲಿ ಪ್ಲೇಟು ಮುಗಿದು ಬರೀ ಕರಕರ ಎನ್ನುತ್ತಿದ್ದರೂ ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

ಗಿರಿಜೆ ಮಕ್ಕಳೊಂದಿಗೆ ತುದಿಯಿಂದ ಇಳಿದು ಬಂದವಳು ದಾರಿಯ ತಿರುವಿನಲ್ಲಿ ನಿಂತುಬಿಟ್ಟಿದ್ದಳು. ಹಸಿವು ಎಂದ ಮಗನ ಬಾಯಿಯನ್ನು ಕೈಯಿಂದ ಮುಚ್ಚಿ, ಎಷ್ಟೋ ಹೊತ್ತು ಅಲ್ಲಿಯೇ ನಿಂತಿದ್ದಳು. ಇಳಿಯುವಾಗ ಗ್ರಾಮಾಫೋನು ಮತ್ತೆ ಶೀನನ ತಲೆಯ ಮೇಲೆ; ಟ್ರಾನ್ಸಿಸ್ಟರ್ ಮಾತ್ರ ಮಾವನವರ ಹೆಗಲಿನಲ್ಲಿ. ಕೈಗೆ ಯಾರು ಕೊಟ್ಟರು, ಯಾವಾಗ ಕೊಟ್ಟರು, ನಾವು ಕೇಳಲಿಲ್ಲ. ಗಿರಿಜೆ ಎಲ್ಲರಿಗಿಂತ ಹಿಂದೆ, ಕೆಲಸವಿಲ್ಲದವಳ ಹಾಗೆ ಕೈಬೀಸಿಕೊಂಡು ಬರುತ್ತಿದ್ದಳು.

ಅಂದಿನಿಂದ ನಿಶ್ಶಬ್ದವನ್ನು ಕುರಿತ ನನ್ನ ಪ್ರವಚನಕ್ಕೆ ಮಂಗಳಾರತಿ ಆಯಿತು. ರಜೆಗೆ ಯಾವ ಪೆಟ್ಟಿಗೆ ಒಯ್ಯಲಿ ಎಂದು ಈಗ ಯಾರಾದರೂ ಕೇಳಿದರೆ, ಯಾವುದಾದರೂ ಒಯ್ಯಿರಿ, ಅದು ಕೆಟ್ಟು ನಿಂತಾಗ ಪಕ್ಕದಲ್ಲಿ ಕುಳಿತು ಕಾಯುವವರೊಬ್ಬರು ಜೊತೆಯಲ್ಲಿರಲಿ ಎನ್ನುತ್ತೇನೆ. ಅವರು ನನ್ನ ಮುಖವನ್ನು ವಿಚಿತ್ರವಾಗಿ ನೋಡಿ, ವಿಜ್ಞಾನದ ಮಾಸ್ತರನ್ನು ಕೇಳಲು ಹೋಗುತ್ತಾರೆ.

ಶೀನ ಬೊಂಬಾಯಿಗೆ ಹೊರಟ ದಿನ ಅವನನ್ನು ರೈಲಿಗೆ ಒಯ್ಯುವ ಹುಬ್ಬಳ್ಳಿಯ ಬಸ್ಸಿಗೆ ಹತ್ತಿಸಲು ನಾವೆಲ್ಲ ಕುಂದಾಪುರದ ನಿಲ್ದಾಣಕ್ಕೆ ಹೋಗಿದ್ದೆವು. ಬಸ್ಸು ತಡ, ಮಾವನವರು ಪಕ್ಕದ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದರು. ಶೀನ ಕಾಲಿಗೆ ನಮಸ್ಕರಿಸಿದಾಗ ಕೈಯೆತ್ತಿದರು, ಎಂದಿನಂತೆ ಏನೂ ಹೇಳಲಿಲ್ಲ. ಗಿರಿಜೆಯ ಮುಖ ಸಣ್ಣದಾಯಿತು. ಬಸ್ಸು ಹೊರಡುವ ಗಂಟೆ ಹೊಡೆದ ಮೇಲೆ ಅವರು ಬೆಂಚಿನಿಂದ ಎದ್ದು, ಗುಂಪನ್ನು ಸರಿಸಿಕೊಂಡು ಕಿಟಕಿಯ ಬಳಿಗೆ ಹೋಗಿ, ಸರಳನ್ನು ಹಿಡಿದುಕೊಂಡರು.

“ಶೀನಾ, ಮುಂದಿನ್ ಸಲ ಬಪ್ಪತಿಗೆ ಅಲ್ಲಿಂದ ಒಂದ್ ಬಾಟ್ಲಿ ಮಿಷನ್ ಎಣ್ಣಿ ತಕಂಡ್ ಬಾ. ಮರೀಬೇಡ.”

“ಆಯ್ತ್ ಅಪ್ಪಯ್ಯ. ಬತ್ತೆ.”

ಹೊಲಿಗೆ ಮಿಷನ್ನಿನ ಎಣ್ಣೆ ಬೊಂಬಾಯಿಯಿಂದ ಬರಬೇಕಾಗಿರಲಿಲ್ಲ. ಮಾವನವರು ಅಷ್ಟು ಹೊತ್ತು ಕುಳಿತಿದ್ದ ಬೆಂಚಿನ ಹಿಂದೆ, ಅದೇ ಅಂಗಡಿಯ ಕಪಾಟಿನಲ್ಲಿ, ಅದರ ಬಾಟಲಿಗಳು ಸಾಲಾಗಿ ನಿಂತಿದ್ದವು. ತಪ್ಪು ಕಂಡರೆ ತಿದ್ದುವುದು ನನ್ನ ಕಸುಬು. ನಾನು ಬೆರಳೆತ್ತಿ ಬಾಯಿ ತೆರೆದೆ. ಗಿರಿಜೆ ನನ್ನ ಕಾಲನ್ನು ಬಲವಾಗಿ ತುಳಿದಳು.

“ಸುಮ್ನಿರಿ,” ಎಂದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. “ಅಪ್ಪಯ್ಯ ಅವ್ನಿಗೆ ಬಾ ಅಂದ್ರ್.”